ಧಾಟಿ ಬರೆಯದ ಹಾಡು

ನಮ್ಮಮ್ಮ ನನ್ನನ್ನು ಬದುಕಿನಲ್ಲಿ ಒಂದೇ ಒಂದು ಸಲ ಹೊಗಳಿದ್ದಾಳೆ. ಅದೂ ನಾನು ಮಾಡದ ಕೆಲಸಕ್ಕೆ. ಇಷ್ಟು ಸಲೀಸಾಗಿ ಬರೆಯುತ್ತಿದ್ದೇನಲ್ಲ, ಇದನ್ನೇ ಬಾಯಿಬಿಟ್ಟು ಹೇಳು ಅಂದರೆ ಇವತ್ತಿಗೂ ನನ್ನಿಂದ ಆಗದು.

ಅಮ್ಮ ಮೈಸೂರಿನಲ್ಲಿ ಸಂಗೀತದ ಟೀಚರು. ನಲವತ್ತು ವರ್ಷ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಪಾಠ ಹೇಳಿದವಳು. ಅಭ್ಯಾಸ ಮಾಡದೆ ಬಂದು "ಮಾಡಿದ್ದೀನಿ ಟೀಚರ್" ಎಂದ ಹುಡುಗಿಯನ್ನು ಚಪ್ಪಲಿ ಮೆಟ್ಟಿಸಿ ಮನೆಗೆ ಕಳಿಸುತ್ತಿದ್ದಳು. ಮಾಡಿಲ್ಲ ಎಂದು ಒಪ್ಪಿಕೊಂಡವಳಿಗೆ ಕಾಫಿ ಸಿಗುತ್ತಿತ್ತು. ಮಗಳು ಅಂತ ನನಗೇನೂ ರಿಯಾಯಿತಿ ಇರಲಿಲ್ಲ. ಹದಿನಾರನೇ ವಯಸ್ಸಿನಲ್ಲಿ, ಹತ್ತು ಜನ ಹುಡುಗಿಯರ ಎದುರು, ನನ್ನ ಆಲಾಪನೆಯನ್ನು ನಡುವಿನಲ್ಲೇ ನಿಲ್ಲಿಸಿ ಹೇಳಿದ ಮಾತು ಇದು: "ನಿನಗೆ ಕಂಠ ಇದೆ ಕಣೇ, ಕಲ್ಪನೆ ಇಲ್ಲ. ಹೇಳಿಕೊಟ್ಟಿದ್ದನ್ನ ಒಪ್ಪಿಸ್ತೀಯ. ನಿಂದು ಅಂತ ಒಂದು ಸಂಗತಿ ಬರಲ್ಲ." ಹುಡುಗಿಯರು ತಲೆ ತಗ್ಗಿಸಿ ನಕ್ಕರು. ನಾನು ಎದ್ದು ಒಳಗೆ ಹೋದವಳು ಮತ್ತೆ ಆ ಚಾಪೆಯ ಮೇಲೆ ಕೂರಲಿಲ್ಲ. ಅಮ್ಮ ಕರೆಯಲೂ ಇಲ್ಲ. ಇಬ್ಬರದೂ ಒಂದೇ ಹಟ. ನನಗೀಗ ನಲವತ್ತಾರು. ಆ ಮಾತು ಒಂದಕ್ಷರ ಬಿಡದೆ ಈಗಲೂ ನೆನಪಿದೆ.

ಸಿಂಗಪುರಕ್ಕೆ ಬಂದಾಗ ಮಗಳಿಗೆ ಆರು ವರ್ಷ. ನನ್ನ ಗಂಡನಿಗೆ ಬೂನ್ ಲೇ ಆಚೆಗಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ಜುರಾಂಗ್ ವೆಸ್ಟ್‌ನಲ್ಲಿ ಹನ್ನೊಂದನೇ ಮಹಡಿಯ ಬಾಡಿಗೆ ಫ್ಲ್ಯಾಟು. ನನ್ನದು ಡಿಪೆಂಡೆಂಟ್ ಪಾಸ್. ಅವಲಂಬಿತೆ ಎಂದು ಸರ್ಕಾರವೇ ಅಚ್ಚು ಹಾಕಿ ಕೊಡುವ ಕಾರ್ಡು ಅದು. ಬೆಂಗಳೂರಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು ಇಲ್ಲಿ ಬೆಳಗ್ಗೆ ಎಂಟಕ್ಕೆ ಇಬ್ಬರನ್ನೂ ಸಾಗಹಾಕಿದರೆ ಮಧ್ಯಾಹ್ನದವರೆಗೆ ಗೋಡೆ ನೋಡಿಕೊಂಡು ಕೂರಬೇಕು. ಅದಕ್ಕೆ ಬಸ್ಸು ಹತ್ತಿ ಜುರಾಂಗ್ ಈಸ್ಟ್‌ನ ಮಾಲ್‌ಗೆ ಹೋಗುತ್ತಿದ್ದೆ. ಕೊಳ್ಳುವುದಕ್ಕಲ್ಲ. ಅಲ್ಲಿ ಜನ ಇರುತ್ತಾರೆ, ತಂಪಾಗಿರುತ್ತದೆ, ಒಂದು ಟೀ ಹಿಡಿದು ಒಂದು ಗಂಟೆ ಕೂತರೂ ಯಾರೂ ಏಳು ಅನ್ನುವುದಿಲ್ಲ.

ಆ ಫುಡ್ ಕೋರ್ಟಿನ ಸೀಲಿಂಗಿನಲ್ಲಿದ್ದ ಸ್ಪೀಕರಿನಲ್ಲಿ ದಿನಾ ಹನ್ನೊಂದರ ಹೊತ್ತಿಗೆ ಒಂದು ಹಾಡು ಬರುತ್ತಿತ್ತು. ಮೊದಲು ಗಿಟಾರು, ಆಮೇಲೆ ಒಬ್ಬ ಗಂಡಸು ಮೆಲ್ಲಗೆ ಶುರು ಮಾಡುತ್ತಾನೆ, ಪಲ್ಲವಿಗೆ ಹೆಂಗಸರೂ ಗಂಡಸರೂ ಒಟ್ಟಿಗೆ ಸೇರಿಕೊಳ್ಳುತ್ತಾರೆ. ಯಾವ ಭಾಷೆ ಅಂತ ನನಗೆ ಗೊತ್ತಿರಲಿಲ್ಲ, ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಪಲ್ಲವಿಯ ತುದಿಯಲ್ಲಿ ರಾಗ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಮೇಲೆ ಹತ್ತಿ ಅಲ್ಲೇ ನಿಂತುಬಿಡುತ್ತಿತ್ತು. ಆ ಜಾಗ ಬಂದಾಗ ನನಗೆ ಅಳು ಬರುತ್ತಿತ್ತು. ಆ ವರ್ಷವಿಡೀ ನನ್ನ ಜೊತೆ ಮಾತಾಡಿದ್ದು ಅದೊಂದೇ ಅಂತ ನನ್ನ ಲೆಕ್ಕ. ಲೋಕದಲ್ಲಿ ಕೋಟಿಗಟ್ಟಲೆ ಜನಕ್ಕೆ ಗೊತ್ತಿರುವ ಹಾಡು ಅದು ಎಂದು ಹೊಳೆಯಲೇ ಇಲ್ಲ. ದೇವರನಾಮ, ಭಾವಗೀತೆ ಬಿಟ್ಟು ಬೇರೆ ಕೇಳದೆ ಬೆಳೆದವಳು ನಾನು. ಆ ಹಾಡು ಆ ಮಾಲ್‌ನದು, ಬಾಗಿಲಲ್ಲಿ ಬರುವ ಘಂಟೆಯ ಸದ್ದಿನ ಹಾಗೆ, ಅಂದುಕೊಂಡಿದ್ದೆ.

ಎರಡನೇ ವರ್ಷ ನಮ್ಮ ಕಡೆಯ ಹೆಂಗಸರ ಶುಕ್ರವಾರದ ಗುಂಪಿಗೆ ಸೇರಿದೆ. ಹಳೇ ಮೈಸೂರಿನ ಕಡೆಯವರು, ಬ್ಯಾಂಕಿನವರ ಹೆಂಡತಿಯರು, ಪ್ರೊಫೆಸರರ ಹೆಂಡತಿ, ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗಿಯರು ಇಬ್ಬರು. ವಾರಕ್ಕೊಬ್ಬರ ಮನೆಯಲ್ಲಿ ಲಲಿತಾ ಸಹಸ್ರನಾಮ, ನಾಲ್ಕು ಹಾಡು, ಕೋಸಂಬರಿ. ಎದುರಿನ ಬ್ಲಾಕಿನ ಹಿರಿಯ ಆಂಟಿಯೊಬ್ಬರು ಗುಂಪಿನ ಯಜಮಾನಿ. ಅವರ ಹತ್ತಿರ ಜೆರಾಕ್ಸ್ ಮಾಡಿಸಿದ ಹಾಡಿನ ಪುಸ್ತಕವಿತ್ತು. ನಮ್ಮಲ್ಲಿ ಇಂಥ ಪುಸ್ತಕ ನೋಡಿದವರಿಗೆ ಗೊತ್ತು: ಪ್ರತಿ ಹಾಡಿನ ತಲೆಯ ಮೇಲೆ ಒಂದು ಸಾಲು ಇರುತ್ತದೆ, "ಧಾಟಿ" ಅಂತ. ಯಾವ ಸಿನಿಮಾ ಹಾಡಿನ ಮಟ್ಟಿನಲ್ಲಿ ಇದನ್ನು ಹಾಡಬೇಕು ಅನ್ನುವ ಸೂಚನೆ. ಮಳೆಯಲ್ಲಿ ನೆನೆದು ಕುಣಿದ ಹೀರೋಯಿನ್ ಹಾಡಿಗೆ ಗೌರಿಯ ಆರತಿಯನ್ನು ಹೊಂದಿಸಿದರೂ ನಮ್ಮವರಿಗೆ ಮುಜುಗರವಿಲ್ಲ, ಧಾಟಿಯ ಸಾಲು ಬರೆದರೆ ಸಾಕು. ಎರವಲು ತಂದದ್ದು ಎರವಲು ಅಂತ ಹೇಳಿದ ಹಾಗೆ.

ವರಮಹಾಲಕ್ಷ್ಮಿ ಹಬ್ಬ ಬಂತು. "ಈ ಸಲ ಆರತಿಗೆ ಏನಾದ್ರೂ ಹೊಸದು ಮಾಡೋಣಪ್ಪ, ಅದದೇ ಹಾಡಿ ಹಾಡಿ ಬೋರಾಗಿದೆ," ಅಂದರು ಆಂಟಿ. ನಾನು ಎರಡು ಮಧ್ಯಾಹ್ನ ಕೂತು ಮಾಲ್‌ನ ರಾಗಕ್ಕೆ ಲಕ್ಷ್ಮಿಯನ್ನು ಮನೆಗೆ ಕರೆಯುವ ಮಾತು ಹೊಂದಿಸಿದೆ. ಮಾತುಗಳು ನನ್ನವೇ, ಅದರಲ್ಲಿ ಮೋಸವಿಲ್ಲ. ಆರತಿಯ ನಿಧಾನಕ್ಕೆ ಎಳೆದು ಹಾಡಿದೆ. ಪ್ರೊಫೆಸರರ ಹೆಂಡತಿ ಕಣ್ಣು ಒರೆಸಿಕೊಂಡರು. ಆಂಟಿ ಪೆನ್ನು ತೆಗೆದು, "ಬರ್ಕೋತೀನಿ ತಾಳಿ. ಧಾಟಿ ಯಾವುದು?" ಅಂದರು.

ಒಂದೇ ಒಂದು ಸಾಲು. "ಮಾಲ್‌ನಲ್ಲಿ ಕೇಳಿದ್ದು ಆಂಟಿ, ಯಾವುದೋ ಇಂಗ್ಲಿಷ್ ಹಾಡು" ಅಂದಿದ್ದರೆ ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿ ಕೋಸಂಬರಿ ಬಡಿಸುತ್ತಿದ್ದರು. ನನ್ನ ನಾಲಿಗೆಗೆ ಅದೇನು ದೆವ್ವ ಹೊಕ್ಕಿತೋ. "ಧಾಟಿ ಅಂತ ಏನಿಲ್ಲ ಆಂಟಿ, ನಂಗೇ ಹೊಳೀತು," ಅಂದುಬಿಟ್ಟೆ. ಆಂಟಿ ಆ ಜಾಗದಲ್ಲಿ "ರಾಗ ಸಂಯೋಜನೆ" ಎಂದು ಬರೆದು ನನ್ನ ಹೆಸರು ಹಾಕಿದರು.

ಆಮೇಲೆ ಕೇಳಬೇಕೆ! ಸೀಮಂತ, ಗೃಹಪ್ರವೇಶ, ನವರಾತ್ರಿ, ಎಲ್ಲಿ ಹೋದರೂ "ನಿಮ್ಮ ಆರತಿ ಹಾಡು ಹೇಳಿ". ಬೇರೆ ಊರಿನ ಕನ್ನಡದವರೂ ಕಲಿತರಂತೆ. ನವರಾತ್ರಿಯಲ್ಲಿ ಹಾಡಿದ್ದನ್ನು ಯಾರೋ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೂ ಹಾಕಿದರು. ಇಂಥವರ ಹೆಂಡತಿ, ಇಂಥವಳ ತಾಯಿ ಎಂದು ಪರಿಚಯವಾಗುತ್ತಿದ್ದವಳು "ಆರತಿ ಹಾಡು ಕಟ್ಟಿದವರು" ಆದೆ. ಸುಳ್ಳು ಯಾಕೆ ಹೇಳಲಿ, ಹಿಗ್ಗಿದೆ. ಬೆನ್ನು ನೆಟ್ಟಗಾಯಿತು. ಸೀರೆ ಉಡುವ ರೀತಿಯೇ ಬದಲಾಯಿತು ಅಂತ ನನ್ನ ಗಂಡ ರೇಗಿಸುತ್ತಿದ್ದರು.

ಮಗಳಿಗೆ ಮಾತ್ರ ಗೊತ್ತಾಯಿತು. ಹತ್ತು ವರ್ಷವಿರಬೇಕು ಆಗ. ನಾನು ಅಡುಗೆಮನೆಯಲ್ಲಿ ಗುನುಗುತ್ತಿದ್ದಾಗ ಬಂದು, "ಅಮ್ಮಾ, ದಿಸ್ ಒನ್ ಮಾಲ್ ಸಾಂಗ್ ಲಾ. ನಮ್ಮ ಸ್ಕೂಲ್ ಬಸ್ ಅಂಕಲ್ ಕೂಡ ಪ್ಲೇ ಮಾಡ್ತಾರೆ," ಅಂದಳು, ಇಲ್ಲಿನವರ ಇಂಗ್ಲಿಷಿನಲ್ಲಿ. ನಾನು ಸೌಟು ಹಿಡಿದೇ ತಿರುಗಿದೆ. "ತಲೆಹರಟೆ ಮಾಡಬೇಡ. ಆಂಟಿಯರ ಮುಂದೆ ಹೀಗೆಲ್ಲ ಬಾಯಿಬಿಟ್ಟೀಯ, ಜೋಕೆ." ಅವಳು ಭುಜ ಹಾರಿಸಿ ಹೋದಳು. ಅವತ್ತು ಅವಳು ಏನು ಕಲಿತಳೋ ಎಂದು ಯೋಚಿಸುವ ವ್ಯವಧಾನ ನನಗಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಊರ ಹೆಂಗಸರ ಮುಂದಿನ ಬಡಾಯಿ ಅಂತ ಬಿಡಬಹುದಿತ್ತು. ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಮ್ಮನಿಗೆ ಕಳಿಸಿದೆ. ಯಾಕೆ ಕಳಿಸಿದೆ ಅಂದರೆ, ಅದಕ್ಕೇ ಕಳಿಸಿದೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಆ ಚಾಪೆಯ ಮೇಲಿನ ಮಾತಿಗೆ ಉತ್ತರ ಕೊಡಬೇಕಿತ್ತು.

ಎರಡು ದಿನ ಸುದ್ದಿಯಿಲ್ಲ. ಮೂರನೇ ದಿನ ಫೋನ್ ಬಂತು. ಕುಶಲ ಕೇಳಲಿಲ್ಲ, ಏನಿಲ್ಲ. "ಧಾಟಿ ಯಾವುದು?"

"ಧಾಟಿ ಇಲ್ಲಮ್ಮ. ನಂದೇ."

ಅಮ್ಮ ಪಲ್ಲವಿಯನ್ನು ಫೋನಿನಲ್ಲೇ ಒಮ್ಮೆ ಗುನುಗಿದಳು. ಆಮೇಲೆ ಕೇಳಿದಳು: "ನಠಭೈರವಿಯಲ್ಲಿ ಹೋಗ್ತಾ ಇದೀಯ. ಪಲ್ಲವಿ ಕೊನೇಲಿ ಒಂದೇ ಒಂದು ಸಲ ಕಾಕಲಿ ನಿಷಾದ ಹಿಡಿದು ನಿಲ್ಲಿಸಿದೀಯಲ್ಲ, ಆ ರಾಗಕ್ಕೆ ಸೇರದ ಸ್ವರ. ಹೇಗೆ ಹೊಳೀತೇ ಅದು? ನಾನಾಗಿದ್ರೆ ಧೈರ್ಯ ಮಾಡ್ತಿರಲಿಲ್ಲ." ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ನಾನು ನಿನಗೆ ಅವತ್ತು ಅನ್ನಬಾರದಿತ್ತು ಕಣೇ. ತಪ್ಪು ತಿಳ್ಕೊಂಡಿದ್ದೆ," ಅಂದಳು ಅಮ್ಮ.

ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂತೋಷಕ್ಕೋ ನಾಚಿಕೆಗೋ ಕೇಳಬೇಡಿ, ಎರಡೂ ಕಲಸಿಹೋಗಿತ್ತು. ಯಾವ ಜಾಗ ಕೇಳಿ ನಾನು ಆ ಫುಡ್ ಕೋರ್ಟಿನಲ್ಲಿ ಅಳುತ್ತಿದ್ದೆನೋ ಅದೇ ಜಾಗವನ್ನು ಅಮ್ಮನ ಕಿವಿ ಹಿಡಿದಿತ್ತು. ಮಾರನೇ ದಿನವೇ ಫೋನ್ ಮಾಡಿ ನಿಜ ಹೇಳುತ್ತೇನೆ ಅಂದುಕೊಂಡೆ. ಮಾರನೇ ದಿನ ಅಮ್ಮನೇ ಒಂದು ಫೋಟೋ ಕಳಿಸಿದಳು. ಹಾಡನ್ನು ತನ್ನ ನೋಟ್‌ಬುಕ್ಕಿನಲ್ಲಿ ಸ್ವರ ಹಾಕಿ ಬರೆದು, ಕೆಳಗೆ ಸಂಯೋಜನೆ ಅಂತ ನನ್ನ ಹೆಸರು ಬರೆದಿದ್ದಳು. ವಾರದೊಳಗೆ ಪಾಠದ ಹುಡುಗಿಯರಿಗೆ ಹೇಳಿಕೊಡಲು ಶುರು ಮಾಡಿದಳು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾನು ನುಂಗಿದೆ.

ಹೋದ ವರ್ಷ ಅಮ್ಮ ಸಿಂಗಪುರಕ್ಕೆ ಬಂದಳು. ಎಪ್ಪತ್ತೆರಡು ವರ್ಷ, ಮೊದಲ ವಿಮಾನ. ಅಣ್ಣ ಅತ್ತಿಗೆ ಎಷ್ಟು ಸಲ ಕರೆದರೂ ದಿಲ್ಲಿಗೆ ಹೋಗದವಳು ನನ್ನ ಮನೆಗೆ ಬಂದಳು. ಶುಕ್ರವಾರದ ಗುಂಪಿನವರು ಹಬ್ಬ ಮಾಡಿದರು. ಎಲ್ಲರನ್ನೂ ನೆಲದ ಮೇಲೆ ಕೂರಿಸಿಕೊಂಡು ನನ್ನ ಹಾಡಿಗೆ ಅಮ್ಮ ಸ್ವರ ಹೇಳಿಕೊಟ್ಟಳು. ನನ್ನ ಪಕ್ಕದಲ್ಲೇ ಕೂತು, ನನ್ನ ತೊಡೆಯ ಮೇಲೆ ತಾಳ ಹಾಕಿದಳು. ಆ ಒಂದು ತಿಂಗಳು ನಾನು ಎಷ್ಟು ಸುಖವಾಗಿದ್ದೆ ಎಂದರೆ, ರಾಗ ನನ್ನದೇ ಇರಬೇಕು ಎಂದು ಕೆಲವು ಸಲ ನನಗೇ ಅನ್ನಿಸುತ್ತಿತ್ತು.

ಜುರಾಂಗ್ ಈಸ್ಟ್‌ನ ಆ ಮಾಲ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಿರಲಿಲ್ಲ. ಅಮ್ಮನಿಗೆ ಕಾಲು ಊತ, ಮೆತ್ತನೆಯ ಚಪ್ಪಲಿ ಬೇಕಾಯಿತು. ಅವಳ ಅಳತೆ ಬೇರೆಲ್ಲೂ ಸಿಗಲಿಲ್ಲ. ಹತ್ತು ವರ್ಷವಾಯಿತಲ್ಲ, ಆ ಹಾಡು ಯಾವಾಗಲೋ ಹಳತಾಗಿ ಹೋಗಿರುತ್ತದೆ ಅಂದುಕೊಂಡೆ. ಫುಡ್ ಕೋರ್ಟಿನ ಕಡೆಗಂತೂ ತಲೆ ಹಾಕಲಿಲ್ಲ. ಶನಿವಾರ, ಮಗಳೂ ಜೊತೆಗಿದ್ದಳು. ಚಪ್ಪಲಿ ಕೊಂಡು ಎಸ್ಕಲೇಟರ್ ಪಕ್ಕದ ಬೆಂಚಿನ ಮೇಲೆ ಕೂತಿದ್ದೆವು. ಅಮ್ಮ ಹೊಸ ಚಪ್ಪಲಿಯ ಪಟ್ಟಿ ಬಿಗಿ ಮಾಡುತ್ತಿದ್ದಳು. ತಲೆಯ ಮೇಲೆ ಗಿಟಾರು ಶುರುವಾಯಿತು.

ಎದ್ದು ಹೊರಡೋಣ ಅಂದೆ. ಅಮ್ಮ ಕೈ ಎತ್ತಿ ಸುಮ್ಮನಿರಿಸಿದಳು. ಮೊದಲ ಸಾಲಿಗೇ ಅವಳ ಬೆರಳು ಮಂಡಿಯ ಮೇಲೆ ತಾಳ ಹಿಡಿದಿತ್ತು. ಪಲ್ಲವಿ ಬಂತು, ಆ ನಿಷಾದ ಬಂತು. ಅಮ್ಮ ಪೂರ್ತಿ ಹಾಡು ಮುಗಿಯುವವರೆಗೆ ಕೇಳಿದಳು. ಮುಗಿಯಿತು, ನನ್ನ ಕಥೆ ಮುಗಿಯಿತು ಎಂದು ನಾನು ನೆಲ ನೋಡುತ್ತಾ ಕೂತೆ. ಒಂದು ರೀತಿಯಲ್ಲಿ ಹಗುರವೂ ಆಯಿತು.

"ಅಯ್ಯೋ ಕಳ್ಳ ನನ್ಮಕ್ಕಳಾ!" ಅಂದಳು ಅಮ್ಮ.

ತಲೆ ಎತ್ತಿದೆ. ಅವಳ ಮುಖ ಕೆಂಪಾಗಿತ್ತು. "ನಿನ್ನ ರಾಗ ಎತ್ತಿಬಿಟ್ಟಿದಾರಲ್ಲೇ! ಇಡೀ ಇಡಿಯಾಗಿ! ನಾನು ಅವತ್ತೇ ಹೇಳಿದೆ, ಇಂಟರ್ನೆಟ್ಟಿಗೆ ಹಾಕಬೇಡಿ ಅಂತ. ಅಲ್ಲಿಂದಲೇ ಹೊಡ್ಕೊಂಡಿದಾರೆ. ಏಳು, ಇಲ್ಲಿ ಯಾರನ್ನ ಕೇಳಬೇಕು?"

ಮಗಳಿಗೆ ಕಲ್ಪನೆಯಿಲ್ಲ ಎಂದವಳು, ಇಡೀ ಪ್ರಪಂಚವೇ ಮಗಳಿಂದ ಕದ್ದಿದೆ ಎಂದು ನಂಬಿದ್ದಳು. ನನ್ನ ಮೇಲೆ ಅವಳಿಗೆ ಬಂದಿದ್ದ ನಂಬಿಕೆ ಅಷ್ಟು. ನಾನು "ಬಿಡಮ್ಮ, ಹೋಗಲಿ" ಅಂದಷ್ಟೂ ಅವಳ ಸಿಟ್ಟು ಏರಿತು. "ಏನು ಹೋಗಲಿ? ನೀನು ಹೀಗೆ ಮೂಗಿ ಹಾಗೆ ಕೂತಿದ್ದಕ್ಕೇ ಲೋಕ ನಿನ್ನನ್ನ ತುಳಿಯೋದು." ಹೊಸ ಚಪ್ಪಲಿಯಲ್ಲಿ ದಡದಡ ನಡೆದು ಮಾಹಿತಿಯ ಕೌಂಟರಿನ ಎದುರು ನಿಂತೇಬಿಟ್ಟಳು. "ದಿಸ್ ಸಾಂಗ್, ಮೈ ಡಾಟರ್ ಸಾಂಗ್!" ಎಂದು ಮೇಲೆ ಸ್ಪೀಕರ್ ಕಡೆಗೂ ನನ್ನ ಕಡೆಗೂ ಕೈ ತೋರಿಸಿದಳು.

ಕೌಂಟರಿನಲ್ಲಿದ್ದ ಚೀನೀ ಹುಡುಗಿ ಪಾಪ, ಗೇಲಿ ಮಾಡಲಿಲ್ಲ. ಫೋನ್ ಒತ್ತಿ ನೋಡಿ, ಅದನ್ನು ನಮ್ಮ ಕಡೆ ತಿರುಗಿಸಿದಳು. "ಆಂಟಿ, ದಿಸ್ ಒನ್ ವೆರಿ ಓಲ್ಡ್ ಸಾಂಗ್ ಲಾ. ಲ್ಯಾಟಿನ್ ಗ್ರೂಪ್, ವೆರಿ ಫೇಮಸ್. ಸ್ಯಾಡ್ ಸಾಂಗ್, ಗುಡ್‌ಬೈ ಸಾಂಗ್. ಮೈ ಮದರ್ ಆಲ್ಸೋ ಲೈಕ್." ಪರದೆಯ ಮೇಲೆ ಹಾಡುಗಾರರ ಗುಂಪಿನ ಫೋಟೋ, ಹಾಡು ಬಂದ ವರ್ಷ. ನಾನು ಸಿಂಗಪುರ ನೋಡುವುದಕ್ಕೂ ಎಷ್ಟೋ ವರ್ಷ ಮುಂಚಿನದು. ಯಾರನ್ನೋ ಬಿಟ್ಟು ಹೋಗುವ ಸಂಕಟದ ಹಾಡಿಗೆ ನಾನು ಲಕ್ಷ್ಮಿಯನ್ನು ಒಳಗೆ ಕರೆದಿದ್ದೆ.

ಈ ಊರಿನ ಇಂಗ್ಲಿಷು ಅಮ್ಮನಿಗೆ ತಿಳಿಯುವುದಿಲ್ಲ. ಕನ್ನಡಕ ಮನೆಯಲ್ಲಿತ್ತು. "ಏನಂತಾಳೆ? ಏನು ಬರೆದಿದೆ ಅದರಲ್ಲಿ, ಓದು," ಅಂದಳು ನನಗೆ.

ದೇವರು ಇದ್ದರೆ ಅವನು ನನಗೆ ಕೊಟ್ಟ ಕೊನೆಯ ಅವಕಾಶ ಅದು. ಓದಿದ್ದರೆ ಸಾಕಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೇಳಿದೆ, "ಗೊತ್ತಾಗದೆ ಹಾಕಿದೀವಿ, ಕ್ಷಮಿಸಿ ಅಂತಿದಾರಮ್ಮ. ಇನ್ಮೇಲೆ ಹಾಕಲ್ಲವಂತೆ."

"ನೋಡು! ಕೇಳಿದ್ದಕ್ಕೆ ತಾನೇ?" ಅಮ್ಮ ಹುಡುಗಿಗೆ ಕೈ ಮುಗಿದು "ಥ್ಯಾಂಕ್ಯೂ" ಅಂದಳು. ಆ ಹುಡುಗಿ ಅರ್ಥವಾಗದೆ ನಕ್ಕಳು. ಎಂಆರ್‌ಟಿ ರೈಲಿನಲ್ಲಿ ಅಮ್ಮ ಎದೆ ಉಬ್ಬಿಸಿ ಕೂತಿದ್ದಳು. ಮಗಳು ಇಯರ್‌ಫೋನ್ ಹಾಕಿಕೊಂಡು ಬೇರೆ ಸೀಟಿಗೆ ಹೋಗಿ ಕೂತಳು. ಮನೆಗೆ ಬಂದ ಮೇಲೆ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ್ದು ಇಷ್ಟೇ: "ಅಮ್ಮಾ, ಅಜ್ಜಿ ಊರಿಗೆ ಹೋಗಿ ಎಲ್ಲರಿಗೂ ಹೇಳ್ತಾರೆ. ಯು ನೋ ದಟ್, ರೈಟ್?" ನಾನು ಬಟ್ಟೆ ಮಡಚುತ್ತಿದ್ದೆ. ಮಡಚುತ್ತಲೇ ಇದ್ದೆ.

ಊರಿನವರೆಗೆ ಕಾಯಬೇಕಾಗಲಿಲ್ಲ. ಮುಂದಿನ ಶುಕ್ರವಾರವೇ ಅಮ್ಮ ಗುಂಪಿನಲ್ಲಿ ಕಥೆ ಹೇಳಿದಳು, ಕೌಂಟರಿನವಳು ಕ್ಷಮೆ ಕೇಳಿದ್ದರ ಸಮೇತ. ಸಾಫ್ಟ್‌ವೇರ್ ಹುಡುಗಿಯರಿಬ್ಬರೂ ತಟ್ಟೆ ನೋಡುತ್ತಾ ಕೂತರು. ಹಿರಿಯ ಆಂಟಿ, "ಹೌದಾ ಅಮ್ಮ, ಎಂಥಾ ಅನ್ಯಾಯ!" ಎಂದು ನನ್ನ ಕಡೆ ನೋಡದೆ ಇನ್ನೊಂದು ಸುತ್ತು ಪಾಯಸ ಬಡಿಸಿದರು. ಅವರಿಗೆಲ್ಲ ಯಾವ ಕಾಲದಿಂದ ಗೊತ್ತಿತ್ತೋ! ನನ್ನನ್ನು ಬೈಯದೆ, ಮೂದಲಿಸದೆ, ನನ್ನಿಂದಲೇ ಹಾಡಿಸಿ ಹಾಡಿಸಿ ಇಷ್ಟು ವರ್ಷ ಮರ್ಯಾದೆ ಕಾಪಾಡಿದ್ದರು. ಅವರ ಆ ದೊಡ್ಡತನವನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಒಬ್ಬಳಾದರೂ ಮುಖಕ್ಕೆ ಉಗಿಯಬಾರದಿತ್ತೇ?

ಅಮ್ಮ ಹೊರಡುವ ಹಿಂದಿನ ದಿನ ಪೆಟ್ಟಿಗೆ ಕಟ್ಟುತ್ತಾ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಉಪ್ಪಿನಕಾಯಿ ಬಾಟಲಿಗೆ ಪ್ಲಾಸ್ಟಿಕ್ ಸುತ್ತುವ ಮಾತಾಡಿದೆ.

ಅವಳು ಊರಿಗೆ ಹೋಗಿ ಮೂರು ವಾರ ದಿನಾ ಫೋನ್ ಮಾಡಿದಳು. ಆಮೇಲೆ ನಾಲ್ಕು ದಿನ ಮಾಡಲಿಲ್ಲ. ಐದನೇ ದಿನ ನಾನೇ ಮಾಡಿದೆ. ಅಮ್ಮನ ದನಿ ಶಾಂತವಾಗಿತ್ತು. ಅವಳು ಕೂಗಾಡಿದ್ದರೆ ನನಗೆ ಎದುರಾಡುವುದು ಗೊತ್ತಿತ್ತು.

"ಪಾಠದ ಹುಡುಗಿ ಒಬ್ಬಳು ಫೋನಲ್ಲಿ ತೋರಿಸಿದಳು," ಅಂದಳು. "ನಾನು ಎಲ್ಲರ ಮುಂದೆ ಆ ವಿದೇಶದವರನ್ನ ಬೈತಿದ್ದೆ. ಅದಕ್ಕೆ ತೋರಿಸಿದಳು. 'ಟೀಚರ್, ಇದು ನಾವು ಹುಟ್ಟೋದಕ್ಕಿಂತ ಮೊದಲೇ ಬಂದಿದೆ' ಅಂತ. ಒಳ್ಳೆ ಹುಡುಗಿ, ಜಂಬಕ್ಕೆ ಹೇಳಿದ್ದಲ್ಲ."

ನಾನು ಗೋಡೆಗೆ ಒರಗಿದೆ.

"ನಾನೇನು ಹೇಳಿದೆ ಗೊತ್ತಾ? ನನ್ನ ಮಗಳು ಇದನ್ನ ಕಟ್ಟಿದಾಗ ಅವಳಿಗೆ ಹದಿನಾರು ವರ್ಷ, ಇಲ್ಲೇ, ಈ ಚಾಪೆ ಮೇಲೇ ಕೂತು ಕಟ್ಟಿದ್ದು ಅಂದೆ. ಅಷ್ಟು ಹುಡುಗೀರ ಮುಂದೆ. ಶ್ರುತಿಪೆಟ್ಟಿಗೆ ಇನ್ನೂ ನುಡೀತಾನೇ ಇತ್ತು."

"ಅಮ್ಮಾ..."

"ಆ ಮಗೂ ನನ್ನ ಮುಖ ನೋಡ್ತು. ನಂಬಲಿಲ್ಲ. 'ಸರಿ ಟೀಚರ್' ಅಂತು."

ಮೈಸೂರಿನ ಬೀದಿಯ ಆಟೋ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ನಾನು ತಪ್ಪಾಯಿತು ಅಂದೆ. ಎಷ್ಟು ಸಲ ಅಂದೆನೋ ನೆನಪಿಲ್ಲ. ಅಮ್ಮ ಅದಕ್ಕೆ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅಡುಗೆ ಆಯಿತಾ ಅಂತ ಕೇಳುವ ದನಿಯಲ್ಲೇ ಮುಂದುವರಿಸಿದಳು.

"ನಿನ್ನೆಯಿಂದ ಪಾಠ ನಿಲ್ಲಿಸಿದೀನಿ. ನೆಲದ ಮೇಲೆ ಕೂರಕ್ಕಾಗಲ್ಲ, ಮಂಡಿ ನೋವು ಅಂತ ಎಲ್ಲರಿಗೂ ಹೇಳಿದೀನಿ. ನಿನ್ನ ಅಣ್ಣನಿಗೂ ಹಾಗೇ ಹೇಳಿರೋದು. ಯಾರಾದರೂ ನಿನ್ನನ್ನ ಕೇಳಿದರೆ ನೀನೂ ಹಾಗೇ ಹೇಳು. ನಿನಗೆ ಅಭ್ಯಾಸ ಇದೆಯಲ್ಲ."

ಫೋನ್ ಇಟ್ಟಳು. ಆಮೇಲೆ ಅಣ್ಣ ಕೇಳಿದ, ಅತ್ತಿಗೆ ಕೇಳಿದರು, ಅಮ್ಮನ ಹಳೆಯ ಶಿಷ್ಯೆಯರು ಎಲ್ಲೆಲ್ಲಿಂದಲೋ ನಂಬರ್ ಹುಡುಕಿ ಕೇಳಿದರು. ಎಲ್ಲರಿಗೂ ಮಂಡಿ ನೋವು ಎಂದೇ ಹೇಳುತ್ತಿದ್ದೇನೆ.